ಬೆಂಡು ಮೇಲೆದ್ದಾಗ ಎಳೆಯಬೇಕಾದ ಮೀನು

ಹಾಸನದ ಕಡೆಯ ನಮ್ಮೂರ ಕೆರೆಯಲ್ಲಿ ಗಾಳ ಹಾಕುವುದನ್ನು ನನಗೆ ಕಲಿಸಿದವರು ಸೋದರಮಾವ. ಬಿದಿರಿನ ಕೋಲು, ನೈಲಾನ್ ದಾರ, ನವಿಲುಗರಿಯ ದಂಟನ್ನು ಕತ್ತರಿಸಿ ಮಾಡಿದ ಬೆಂಡು, ಡಬ್ಬಿಯಲ್ಲಿ ಒಂದಿಷ್ಟು ಎರೆಹುಳು, ನಮ್ಮ ಸಲಕರಣೆ ಅಷ್ಟೇ ಆಗಿತ್ತು. ಬೆಂಡು ಕುಣಿದರೆ ಕಾಯಬೇಕು, ಮುಳುಗಿದರೆ ಎಳೆಯಬೇಕು ಎಂಬ ಅವರ ಪಾಠ ನನ್ನ ಕೈಗೆ ಎಷ್ಟು ಹತ್ತಿಹೋಗಿತ್ತೆಂದರೆ, ಮೂವತ್ತು ವರ್ಷಗಳ ನಂತರ ಇಂಗ್ಲೆಂಡಿನ ಸರ್ರೆ ಕೌಂಟಿಯಲ್ಲಿ, ಹೊಲಗಳ ನಡುವಿನ ಒಂದು ಹಳೆಯ ಕೊಳದ ದಡದಲ್ಲಿ ಕುಳಿತಾಗ, ಅದೇ ಪಾಠ ನನಗೆ ಅಡ್ಡಬಂದಿತು. ಅಲ್ಲಿನ ಕ್ರೂಷಿಯನ್ ಗೆಂಡೆ (ಕಾರ್ಪ್) ಎಂಬ ಮೀನು ಎರೆಯನ್ನು ಬಾಯಿಗೆ ತೆಗೆದುಕೊಂಡಾಗ ಬೆಂಡು ಹೆಚ್ಚಿನ ಸಲ ಮುಳುಗುವುದಿಲ್ಲ, ಕೂದಲೆಳೆಯಷ್ಟು ಮೇಲೇಳುತ್ತದೆ. ಇದನ್ನು ಕಣ್ಣಿಗೂ ಕೈಗೂ ಕಲಿಸಲು ನನಗೆ ಎರಡು ವಸಂತಗಳು ಬೇಕಾದವು.

ಮೊದಲು ಮೀನಿನ ಪರಿಚಯ ಹೇಳಬೇಕು, ಏಕೆಂದರೆ ಈ ಮೀನನ್ನು ಹಿಡಿದೆವೆಂದು ಹೇಳುವವರಲ್ಲಿ ಅನೇಕರು ಹಿಡಿದಿರುವುದು ಇದನ್ನಲ್ಲ. ಕ್ರೂಷಿಯನ್‌ನ ವೈಜ್ಞಾನಿಕ ಹೆಸರು ಕರಾಸಿಯಸ್ ಕರಾಸಿಯಸ್. ನಮ್ಮ ಕೆರೆಗಳಲ್ಲಿ ಸಾಕುವ ಸಾಮಾನ್ಯ ಗೆಂಡೆಗೆ ಬಾಯಿಯ ಅಂಚಿನಲ್ಲಿ ನಾಲ್ಕು ಮೀಸೆಗಳಿದ್ದರೆ ಇದಕ್ಕೆ ಒಂದೂ ಇಲ್ಲ. ಬೆನ್ನಿನ ಈಜುರೆಕ್ಕೆಯ ಮೇಲಂಚು ಒಳಕ್ಕೆ ಬಾಗದೆ ಹೊರಕ್ಕೆ ಉಬ್ಬಿರುತ್ತದೆ. ಕಿವಿರಿನಿಂದ ಬಾಲದವರೆಗೆ ಮೈಯ ಪಕ್ಕದಲ್ಲಿ ಸಾಗುವ ಗೆರೆಯುದ್ದಕ್ಕೂ ಹುರುಪೆಗಳನ್ನು ಎಣಿಸಿದರೆ ಸಾಮಾನ್ಯವಾಗಿ 31ರಿಂದ 36ರವರೆಗೆ ಸಿಗುತ್ತವೆ. ಕಂದು ಬಣ್ಣಕ್ಕೆ ತಿರುಗಿದ ಗೋಲ್ಡ್‌ಫಿಶ್‌ಗಳೂ, ಗೋಲ್ಡ್‌ಫಿಶ್ ಅಥವಾ ಸಾಮಾನ್ಯ ಗೆಂಡೆಯೊಡನೆ ಬೆರೆತು ಹುಟ್ಟಿದ ಮಿಶ್ರತಳಿಗಳೂ ನೋಡಲು ಇದರಂತೆಯೇ ಇರುವುದರಿಂದ, ನಾನು ಪ್ರತಿ ಮೀನಿನ ಪಕ್ಕವನ್ನೂ ಫೋನಿನಲ್ಲಿ ಒಂದು ಚಿತ್ರ ತೆಗೆದುಕೊಂಡು, ಮನೆಗೆ ಬಂದು ಹುರುಪೆ ಎಣಿಸುತ್ತೇನೆ. ಇಂಥ ಬೆರಕೆಯಿಂದಲೂ, ಹೊಲದ ಕೊಳಗಳನ್ನು ಮುಚ್ಚಿದ್ದರಿಂದಲೂ ಶುದ್ಧ ಕ್ರೂಷಿಯನ್ ಇಂಗ್ಲೆಂಡಿನಲ್ಲಿ ತೀರಾ ಕಡಿಮೆಯಾಗಿದೆ. ನಾರ್ಫಕ್‌ನಲ್ಲಿ ಹಳೆಯ ಕೊಳಗಳ ಹೂಳೆತ್ತಿ ಈ ಮೀನನ್ನು ಮತ್ತೆ ಬಿಡುತ್ತಿರುವುದನ್ನು ಓದಿದಾಗ ನನಗೆ ನಮ್ಮ ಕಡೆಯ ಕಟ್ಟೆಗಳು ನೆನಪಾದವು. ಇನ್ನೊಂದು ಸಂಗತಿ: ಬ್ರಿಟಿಷರು 19ನೇ ಶತಮಾನದಲ್ಲಿ ಈ ಮೀನನ್ನು ನಮ್ಮ ನೆರೆಯ ಊಟಿಯ ನೀರಿಗೂ ತಂದು ಬಿಟ್ಟಿದ್ದರು.

ವಸಂತದ ಬೇಟೆಯನ್ನು ಅರ್ಥ ಮಾಡಿಕೊಳ್ಳಬೇಕಾದರೆ ಈ ಮೀನು ಚಳಿಗಾಲವನ್ನು ಹೇಗೆ ಕಳೆಯುತ್ತದೆಂದು ತಿಳಿದಿರಬೇಕು. ಯೂರೋಪಿನ ಉತ್ತರದ ಸಣ್ಣ ಕೊಳಗಳು ಹೆಪ್ಪುಗಟ್ಟಿ, ನೀರಿನಲ್ಲಿ ಆಮ್ಲಜನಕ ಮುಗಿದುಹೋದರೂ ಕ್ರೂಷಿಯನ್ ತಿಂಗಳುಗಟ್ಟಲೆ ಬದುಕಿರಬಲ್ಲದು. ಯಕೃತ್ತಿನಲ್ಲಿ ಕೂಡಿಟ್ಟ ಗ್ಲೈಕೊಜೆನ್ ಅನ್ನು ಆಮ್ಲಜನಕವಿಲ್ಲದೆಯೇ ಬಳಸಿ, ಆಗ ಉಂಟಾಗುವ ಲ್ಯಾಕ್ಟಿಕ್ ಆಮ್ಲವನ್ನು ಮದ್ಯಸಾರವಾಗಿ ಬದಲಿಸಿ, ಕಿವಿರುಗಳ ಮೂಲಕ ನೀರಿಗೆ ಬಿಡುತ್ತದೆ. ಸರ್ರೆಯಲ್ಲಿ ಅಂಥ ಚಳಿ ಅಪರೂಪವಾದರೂ ಮೀನಿನ ಸ್ವಭಾವ ಅದೇ: ತಣ್ಣೀರಿನಲ್ಲಿ ಅದಕ್ಕೆ ಅವಸರವೇ ಇಲ್ಲ, ಅಲುಗಾಡದೆ ತಿಂಗಳು ಕಳೆಯಲು ಅದು ಸಿದ್ಧವಾಗಿರುತ್ತದೆ. ಆದ್ದರಿಂದ ಅದು ತಡವಾಗಿ ಎಚ್ಚರಗೊಳ್ಳುತ್ತದೆ. ಊರಿನಲ್ಲಿ ಯುಗಾದಿ ಮುಗಿದು ಮಾವಿನ ಮಿಡಿ ಬಲಿಯುವ ಹೊತ್ತಿನಲ್ಲಿ ಇಲ್ಲಿ ಕೊಳದ ನೀರು ಇನ್ನೂ ಬೆರಳು ಮರಗಟ್ಟಿಸುತ್ತಿರುತ್ತದೆ.

ನನ್ನ ಮೊದಲ ವಸಂತ ಪೂರ್ತಿ ವ್ಯರ್ಥವಾಯಿತು. ಮಾರ್ಚ್ ಕೊನೆಯಿಂದಲೇ ಪ್ರತಿ ಶನಿವಾರ ಹೋಗಿ, ದೊಡ್ಡ ಮೀನು ಆಳದಲ್ಲಿರುತ್ತದೆಂಬ ನಂಬಿಕೆಯಿಂದ ಕೊಳದ ನಡುವಿಗೆ ಎಸೆಯುತ್ತಿದ್ದೆ. ಏಳು ಶನಿವಾರ ಬರಿಗೈಯಲ್ಲಿ ಬಂದೆ. ಎಂಟನೆಯ ಸಲ, ಆಚೆ ಕೂರುತ್ತಿದ್ದ ಹಿರಿಯರೊಬ್ಬರು ಹೊರಡುವಾಗ ನನ್ನ ಹಿಂದೆ ನಿಂತು, "ನಿಮ್ಮ ಮೀನು ನಿಮ್ಮ ಕಾಲ ಬಳಿಯೇ ಇದೆ, ನೋಡಿ" ಎಂದರು. ಜೊಂಡಿನ ಬುಡದಲ್ಲಿ, ನನ್ನ ಬೂಟಿನಿಂದ ಎರಡು ಮಾರು ದೂರದಲ್ಲಿ, ಸಾಸಿವೆ ಕಾಳಿನಷ್ಟು ಸಣ್ಣ ಗುಳ್ಳೆಗಳ ಗುಂಪೊಂದು ಮೇಲೆದ್ದು ಬಂದು ಒಡೆಯಿತು. ಕೆಸರು ಕೆದಕಿ ಮೇಯುವ ಮೀನಿನ ಗುರುತು ಅದು. ನಾನು ವಾರಗಟ್ಟಲೆ ಅದರ ತಲೆಯ ಮೇಲಿನಿಂದ ದಾರ ಎಸೆಯುತ್ತಿದ್ದೆ.

ಮರುವರ್ಷ ನಾನು ಗಾಳಕ್ಕಿಂತ ಮೊದಲು ಥರ್ಮಾಮೀಟರ್ ಇಳಿಬಿಟ್ಟೆ. ಅಕ್ವೇರಿಯಮ್‌ಗೆ ಬಳಸುವ ಸಾಧಾರಣ ಥರ್ಮಾಮೀಟರನ್ನು ದಾರಕ್ಕೆ ಕಟ್ಟಿ, ದಡದ ಬಳಿ ತಳ ಮುಟ್ಟಿಸಿ, ಐದು ನಿಮಿಷ ಬಿಟ್ಟು ನೋಡಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. ನನ್ನ ಕೊಳದಲ್ಲಿ ನೀರು 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿದ್ದ ದಿನ ನನಗೆ ಒಂದು ಕ್ರೂಷಿಯನ್ ಕೂಡ ಸಿಕ್ಕಿಲ್ಲ. 12 ದಾಟಿ, ಮೂರು ನಾಲ್ಕು ದಿನ ಹಾಗೆಯೇ ನಿಂತರೆ ಹೊರಡುವುದಕ್ಕೆ ಅರ್ಥವಿದೆ. ಒಂದು ದಿನದ ಬಿಸಿಲಿಗೆ ಮರುಳಾಗಬಾರದು, ರಾತ್ರಿಯ ಚಳಿ ಅದನ್ನೆಲ್ಲ ಕಿತ್ತುಕೊಂಡುಬಿಡುತ್ತದೆ. ಮೋಡ ಕವಿದು ನೈರುತ್ಯದ ಗಾಳಿ ಬೀಸುವ ಬೆಚ್ಚನೆಯ ರಾತ್ರಿಗಳೇ ಹೆಚ್ಚು ಉಪಕಾರಿ. ಕೂರುವ ಜಾಗವನ್ನೂ ಇದೇ ಲೆಕ್ಕದಲ್ಲಿ ಆರಿಸುತ್ತೇನೆ. ಇಲ್ಲಿ ಸೂರ್ಯ ಸದಾ ದಕ್ಷಿಣಕ್ಕೆ ವಾಲಿರುವುದರಿಂದ, ದಕ್ಷಿಣದ ಮರಗಳ ನೆರಳು ತಾಗದ ಉತ್ತರ ದಡದ ತೆಳುನೀರು ಬೇಗ ಬಿಸಿಯಾಗುತ್ತದೆ. ಅಲ್ಲಿ ಕಳೆದ ವರ್ಷದ ಜೊಂಡು ಬಾಗಿ ಬಿದ್ದಿದ್ದು, ನೈದಿಲೆಯ ಹೊಸ ಎಲೆಗಳು ಇನ್ನೂ ಕೆಂಪಗೆ ಸುರುಳಿ ಸುತ್ತಿಕೊಂಡು ನೀರಿನೊಳಗೇ ಇದ್ದರೆ, ಬೇರೆ ಕಡೆ ಹುಡುಕುವ ಅಗತ್ಯವಿಲ್ಲ. ದಡದ ಇಳಿಜಾರು ಮುಗಿದು ತಳ ಸಮತಟ್ಟಾಗುವ ಗೆರೆಯ ಮೇಲೆ, ಮುಕ್ಕಾಲು ಮೀಟರಿನಿಂದ ಒಂದು ಮೀಟರ್ ಆಳದಲ್ಲಿ ನಾನು ಎರೆ ಇಡುತ್ತೇನೆ.

ಸಲಕರಣೆಯ ವಿಷಯದಲ್ಲಿ ಒಂದೇ ಮಾತು, ಎಲ್ಲವೂ ಹಗುರವಾಗಿರಬೇಕು. ನನ್ನದು ಹನ್ನೊಂದು ಅಡಿಯ ಮೆತ್ತನೆಯ ಕೋಲು, ಸುಮಾರು ಒಂದೂವರೆ ಕಿಲೋ ತಡೆಯುವ ದಾರ, ತುದಿಗೆ ಅದಕ್ಕಿಂತ ತೆಳುವಾದ ಒಂದು ಗೇಣು ದಾರ, ಮುಳ್ಳಿಲ್ಲದ 16 ಅಥವಾ 18ನೇ ಸಂಖ್ಯೆಯ ಕೊಕ್ಕೆ. ಭಾರಕ್ಕಾಗಿ ದಾರಕ್ಕೆ ಕಚ್ಚಿಸುವ ಗುಂಡುಗಳನ್ನು ಇಲ್ಲಿ ಸೀಸದಿಂದ ಮಾಡುವಂತಿಲ್ಲ. ಹಂಸಗಳು ಅವನ್ನು ನುಂಗಿ ವಿಷವೇರಿ ಸಾಯುತ್ತಿದ್ದುದರಿಂದ, 0.06 ಗ್ರಾಮಿನಿಂದ 28.35 ಗ್ರಾಮಿನವರೆಗಿನ ಸೀಸದ ಗುಂಡುಗಳ ಮಾರಾಟವನ್ನು 1987ರಲ್ಲಿ ನಿಷೇಧಿಸಲಾಯಿತು. ಬೆಂಡು ಮಾತ್ರ ನನಗೆ ಹೊಸದಾಗಿರಲಿಲ್ಲ. ಅಂಗಡಿಯಲ್ಲಿ ಈ ಬಗೆಯ ಗಾಳಕ್ಕೆ ಯಾವ ಬೆಂಡು ಒಳ್ಳೆಯದೆಂದು ಕೇಳಿದಾಗ ಅಂಗಡಿಯವರು ಕೈಗಿಟ್ಟದ್ದು ನವಿಲುಗರಿಯ ದಂಟನ್ನೇ, ತುದಿಗೆ ಕಿತ್ತಳೆ ಬಣ್ಣ ಬಳಿದದ್ದು. ಅದನ್ನು ಹಿಡಿದುಕೊಂಡು ಸ್ವಲ್ಪ ಹೊತ್ತು ನಾನು ಮಾತನಾಡಲಾಗದೆ ನಿಂತಿದ್ದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಬೆಂಡನ್ನು ಕೆಳತುದಿಯಲ್ಲಿ ಮಾತ್ರ ದಾರಕ್ಕೆ ಸಿಕ್ಕಿಸಿ, ಕೊಕ್ಕೆಯಿಂದ ಸುಮಾರು ನಾಲ್ಕು ಸೆಂಟಿಮೀಟರ್ ಮೇಲೆ ಒಂದೇ ಒಂದು ಗುಂಡನ್ನು ಕಚ್ಚಿಸುತ್ತೇನೆ. ಆಳವನ್ನು ನೀರಿಗಿಂತ ತುಸು ಹೆಚ್ಚಾಗಿಟ್ಟು ಎಸೆದು, ಗುಂಡು ತಳ ಮುಟ್ಟಿದ ಮೇಲೆ ಕೋಲನ್ನು ಕವೆಗಳ ಮೇಲಿಟ್ಟು, ಬೆಂಡು ನೆಟ್ಟಗೆ ನಿಂತು ಅದರ ತುದಿ ಅಕ್ಕಿಕಾಳಿನಷ್ಟು ಮಾತ್ರ ಹೊರಗಿರುವವರೆಗೆ ದಾರವನ್ನು ನಿಧಾನವಾಗಿ ಸುತ್ತುತ್ತೇನೆ. ಕ್ರೂಷಿಯನ್ ತಲೆ ಕೆಳಗೆ ಮಾಡಿ ಎರೆಯನ್ನು ಬಾಯಿಗೆಳೆದುಕೊಂಡು, ಮತ್ತೆ ಮೈ ಸಮಕ್ಕೆ ತರುತ್ತದೆ. ಅಷ್ಟರಲ್ಲೇ ಗುಂಡು ತಳದಿಂದ ಮೇಲೇಳುತ್ತದೆ, ಅದರ ಭಾರ ತಪ್ಪಿದ ಬೆಂಡು ಮೇಲಕ್ಕೆ ಬರುತ್ತದೆ. ಮೀನು ಎಲ್ಲಿಗೂ ಓಡುವುದಿಲ್ಲ, ನಿಂತಲ್ಲೇ ಅಗಿಯುತ್ತದೆ, ಇಷ್ಟವಾಗದಿದ್ದರೆ ನಿಂತಲ್ಲೇ ಉಗುಳುತ್ತದೆ. ಬೆಂಡು ಮುಳುಗಲೆಂದು ಕಾಯುವವನಿಗೆ ಇದು ಯಾವುದೂ ಗೊತ್ತಾಗುವುದೇ ಇಲ್ಲ. ಅವನು ಎರೆ ಮುಗಿದ ಕೊಕ್ಕೆಯನ್ನು ಮಾತ್ರ ನೋಡುತ್ತಾನೆ.

ಎರೆಗೆ ನಾನು ಹೆಚ್ಚಾಗಿ ನಾಲ್ಕು ಮಿಲಿಮೀಟರಿನ ಮೆದು ಪೆಲೆಟ್ (ಮೀನಿನ ಮೇವಿನ ಗುಳಿಗೆ) ಅಥವಾ ಕಡಲೆ ಬೇಳೆಯಷ್ಟು ಗಾತ್ರದ ಬೆಂದ ಸೀಗಡಿ ತುಣುಕನ್ನು ಬಳಸುತ್ತೇನೆ. ಜೊತೆಗೆ ಮೇವಾಗಿ ಎರಡು ಮಿಲಿಮೀಟರಿನ ಪೆಲೆಟ್‌ಗಳನ್ನು ಗಟ್ಟಿ ಅವಲಕ್ಕಿ ನೆನೆಸುವ ಹಾಗೆ ಎರಡು ಮೂರು ನಿಮಿಷ ಕೊಳದ ನೀರಿನಲ್ಲಿ ಮುಳುಗಿಸಿ, ನೀರು ಬಸಿದು, ಅರ್ಧ ಗಂಟೆ ಮುಚ್ಚಿಡುತ್ತೇನೆ. ಹಿಂಡಿದರೆ ಉಂಡೆಯಾಗಬೇಕು, ತಳ ಸೇರಿದ ಮೇಲೆ ಉದುರಬೇಕು. ಶುರುವಿಗೆ ನಿಂಬೆಹಣ್ಣಿನ ಗಾತ್ರದ ಎರಡು ಉಂಡೆ, ಆಮೇಲೆ ಪ್ರತಿ ಮೀನಿಗೊಮ್ಮೆ ಒಂದು ಚಿಟಿಕೆ, ಇಷ್ಟೇ. ವಸಂತದಲ್ಲಿ ಈ ಮೀನಿನ ಹೊಟ್ಟೆ ಇನ್ನೂ ಪೂರ್ತಿ ಎಚ್ಚೆತ್ತಿರುವುದಿಲ್ಲ. ಒಮ್ಮೆ ನಾನು ಅರ್ಧ ಬಕೆಟ್ ಸುರಿದು, ಮರುದಿನ ಬಂದು ನೋಡಿದರೆ ಅದು ತಳದಲ್ಲಿ ಹಾಗೆಯೇ ಬೂಸಲು ಹಿಡಿಯುತ್ತಿತ್ತು. ಆ ಜಾಗ ಎರಡು ವಾರ ಕೆಟ್ಟಿತು.

ಎರಡನೆಯ ವಸಂತದ ಏಪ್ರಿಲ್ ಕೊನೆಯ ಒಂದು ಸಂಜೆ, ನೀರು 13 ಡಿಗ್ರಿ ಇದ್ದಾಗ, ನನಗೆ ಮೊದಲ ಮೀನು ಸಿಕ್ಕಿತು. ಏಳು ಗಂಟೆಯವರೆಗೆ ಏನೂ ಇರಲಿಲ್ಲ. ನಂತರ ಗುಳ್ಳೆಗಳು ಬಂದವು, ಬೆಂಡಿನ ಸುತ್ತ ನೀರು ಒಮ್ಮೆ ಉಬ್ಬಿ ಇಳಿಯಿತು, ಆದರೆ ಬೆಂಡು ಅಲುಗಲಿಲ್ಲ. ನಾನು ಕೋಲಿನ ಹಿಡಿಯ ಮೇಲೆ ಕೈಯಿಟ್ಟುಕೊಂಡೇ ಇದ್ದೆ. ಅಕ್ಕಿಕಾಳಿನಷ್ಟಿದ್ದ ಕಿತ್ತಳೆ ತುದಿ ಎರಡು ಅಕ್ಕಿಕಾಳಿನಷ್ಟಾಯಿತು. ಮುಳುಗಲಿ ಎಂದು ಒಳಗಿನ ಹುಡುಗ ಹೇಳುತ್ತಿದ್ದರೂ ಮಣಿಕಟ್ಟನ್ನು ಮೇಲಕ್ಕೆ ತಿರುಗಿಸಿದೆ. ಕೋಲು ಬಾಗಿತು, ಮೀನು ಗಿರಗಿರನೆ ಸುತ್ತುತ್ತಾ ಕೆಳಕ್ಕೆ ಜಗ್ಗಿತು, ಎರಡು ನಿಮಿಷದಲ್ಲಿ ಕೈಬಲೆಯೊಳಗೆ ಮಗ್ಗುಲಾಗಿ ಮಲಗಿತು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಹಳೆಯ ಹಿತ್ತಾಳೆಯ ಬಣ್ಣ, ಬೆನ್ನಿನ ಕಡೆ ಆಲಿವ್ ಹಸಿರು, ಕೆಳಗಿನ ರೆಕ್ಕೆಗಳಲ್ಲಿ ಮಂದ ಕೆಂಪು, ತುಸು ಮೇಲಕ್ಕೆ ತಿರುಗಿದ ಪುಟ್ಟ ಬಾಯಿ. ತೂಕ 540 ಗ್ರಾಂ, ಪಕ್ಕದ ಗೆರೆಯಲ್ಲಿ ಹುರುಪೆ 33. ಕೈಗಳನ್ನು ಚೆನ್ನಾಗಿ ಒದ್ದೆ ಮಾಡಿಕೊಂಡು, ಒದ್ದೆ ಚಾಪೆಯ ಮೇಲೇ ಕೊಕ್ಕೆ ಬಿಡಿಸಿ, ನೀರಿನಲ್ಲಿ ಹಿಡಿದುಕೊಂಡೆ. ಅದು ಒಂದು ಕ್ಷಣ ಅಂಗೈಯ ಮೇಲೆಯೇ ನಿಂತು, ಜೊಂಡಿನ ಕಡೆ ಹೋಯಿತು. ಮಾವನಿಗೆ ಫೋನಿನಲ್ಲಿ ಹೇಳಿದಾಗ ಅವರು ಕೇಳಿದ್ದು, "ಬೆಂಡು ಮೇಲೆದ್ದಾಗ ಎಳೆದೆಯೇನೋ? ಸರಿಯಾಗಿ ಹೇಳು ಮಗ" ಎಂದು. ಅರ್ಧ ಗಂಟೆ ಆ ಗುಂಡಿನ ಲೆಕ್ಕವನ್ನೇ ಅವರಿಗೆ ವಿವರಿಸಿದೆ.

ಇಲ್ಲಿ ಗಾಳ ಹಾಕುವವರು ತಿಳಿದಿರಬೇಕಾದ ನಿಯಮಗಳೂ ಇವೆ. ಇಂಗ್ಲೆಂಡಿನಲ್ಲಿ 13 ವರ್ಷ ತುಂಬಿದ ಎಲ್ಲರಿಗೂ ಪರವಾನಗಿ ಬೇಕು, ಅದರ ಮೇಲೆ ಕೊಳದ ಒಡೆಯರ ಅಥವಾ ಸಂಘದ ಅನುಮತಿಯೂ ಬೇಕು. ನದಿಗಳಲ್ಲಿ ಮಾರ್ಚ್ 15ರಿಂದ ಜೂನ್ 15ರವರೆಗೆ ಗಾಳ ಹಾಕುವಂತಿಲ್ಲ. ಹೆಚ್ಚಿನ ಕೊಳ ಕೆರೆಗಳಿಗೆ ಈ ನಿರ್ಬಂಧವಿಲ್ಲದಿದ್ದರೂ ಕೆಲವು ಸಂಘಗಳು ತಾವಾಗಿಯೇ ಅದನ್ನು ಪಾಲಿಸುತ್ತವೆ. ಕ್ರೂಷಿಯನ್‌ಗೆ ಹೆಸರಾದ ನೀರು ನೋಡಬೇಕೆನ್ನುವವರಿಗೆ ಸರ್ರೆಯ ಗೊಡಲ್ಮಿಂಗ್ ಬಳಿಯ ಮಾರ್ಷ್ ಫಾರ್ಮ್ ಇದೆ. ಅಲ್ಲಿನ ಜಾನ್ಸನ್ಸ್ ಕೆರೆಯಿಂದ 2015ರಲ್ಲಿ 4 ಪೌಂಡ್ 10 ಔನ್ಸ್, ಅಂದರೆ ಎರಡು ಕಿಲೋ ದಾಟಿದ ಮೀನು ಹೊರಬಂದಿದೆ.

ನಾನು ನನಗೇ ಹಾಕಿಕೊಂಡ ನಿಯಮವೊಂದಿದೆ. ಮೇ ಕೊನೆಯ ಹೊತ್ತಿಗೆ ನೀರು 17, 18 ಡಿಗ್ರಿ ಮುಟ್ಟಿದಾಗ ಮೀನುಗಳು ಮೊಟ್ಟೆಯಿಡಲು ಗುಂಪುಗುಂಪಾಗಿ ಜಲಸಸ್ಯಗಳ ನಡುವೆ ಸೇರುತ್ತವೆ. ಬೆನ್ನುಗಳು ನೀರಿನಿಂದ ಹೊರಗೆ ಕಾಣುತ್ತವೆ, ಜೊಂಡು ಗಾಳಿಯಿಲ್ಲದೆ ಅಲುಗುತ್ತದೆ. ಅದು ಕಂಡ ದಿನ ದಾರ ಸುತ್ತಿ, ಬೆಂಡನ್ನು ಡಬ್ಬಿಗೆ ಹಾಕಿ, ದಡದಿಂದ ಹಿಂದೆ ಸರಿದು ಕುಳಿತು ನೋಡುತ್ತೇನೆ. ಕಳೆದ ವಸಂತದಲ್ಲಿ ಅದು ಮೇ 27ರ ಬೆಳಗ್ಗೆ ಶುರುವಾಯಿತು. ಮೂರು ವಾರ ಬಿಟ್ಟು ಮತ್ತೆ ಹೋದಾಗ ನೈದಿಲೆ ಎಲೆಗಳು ಕೊಳದ ಅಂಚನ್ನೆಲ್ಲ ಮುಚ್ಚಿದ್ದವು, ಬೆಂಡು ನಿಲ್ಲಿಸಲು ತಟ್ಟೆಯಷ್ಟು ಜಾಗ ಮಾತ್ರ ಉಳಿದಿತ್ತು.