ಡೆಸ್ಕ್‌ಟಾಪ್ ಫ್ಯಾನಿನ ಸದ್ದು ತಗ್ಗದಿದ್ದರೆ
ಡೆಸ್ಕ್‌ಟಾಪ್‌ನ ಫ್ಯಾನ್ ಸದಾ ಜೋರಾಗಿ ಸದ್ದು ಮಾಡುತ್ತಿದ್ದರೆ, ಹೊಸದನ್ನು ಕೊಳ್ಳುವ ಮೊದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್‌ಗಳ ಪರದೆಯಲ್ಲಿ) ಪ್ರೊಸೆಸರ್‌ನ ಉಷ್ಣತೆ ಎಷ್ಟಿದೆಯೆಂದು ದಯವಿಟ್ಟು ನೋಡಿ. ಅದು 50 ಡಿಗ್ರಿಯೊಳಗಿದ್ದೂ ಫ್ಯಾನ್ ಪೂರ್ಣ ವೇಗದಲ್ಲಿ ತಿರುಗುತ್ತಿದ್ದರೆ ದೋಷವಿರುವುದು ಬಹುಮಟ್ಟಿಗೆ ವೇಗ ನಿಯಂತ್ರಣದಲ್ಲಿ. ಮೂರು ಪಿನ್‌ಗಳ ಫ್ಯಾನನ್ನು ಮದರ್‌ಬೋರ್ಡ್‌ನ ನಾಲ್ಕು ಪಿನ್‌ಗಳ ಜಾಗಕ್ಕೆ ಸಿಕ್ಕಿಸಿ, ಬಯಾಸ್‌ನಲ್ಲಿ ಫ್ಯಾನಿನ ಸೆಟ್ಟಿಂಗ್ ಪಿಡಬ್ಲ್ಯೂಎಂ (ಪ್ರತ್ಯೇಕ ತಂತಿಯ ಸಂಕೇತದಿಂದ ವೇಗ ನಿಯಂತ್ರಿಸುವ ವಿಧಾನ) ಎಂದೇ ಉಳಿದಿದ್ದರೆ, ವೇಗದ ಸಂಕೇತ ತರುವ ತಂತಿಯೇ ಇಲ್ಲದ ಆ ಫ್ಯಾನಿಗೆ ಸದಾ 12 ವೋಲ್ಟ್ ಸಿಗುತ್ತಿರುತ್ತದೆ. ಸೆಟ್ಟಿಂಗನ್ನು ಡಿಸಿ (ವೋಲ್ಟೇಜ್ ಏರಿಳಿಸಿ ವೇಗ ನಿಯಂತ್ರಿಸುವ ವಿಧಾನ) ಎಂದು ಬದಲಿಸಿ.

ಕೆಲಸವಿಲ್ಲದಾಗಲೂ ಉಷ್ಣತೆ 70 ದಾಟಿದ್ದರೆ, ಪ್ಲಗ್ ಕಿತ್ತು, ಹೀಟ್‌ಸಿಂಕ್‌ನ (ಪ್ರೊಸೆಸರ್‌ನ ಬಿಸಿಯನ್ನು ಹೊರಹಾಕುವ ಲೋಹದ ಭಾಗದ) ತೆಳು ತಗಡುಗಳ ನಡುವೆ ಕಂಬಳಿಯಂತೆ ಕೂತಿರುವ ದೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಬ್ಲೋವರ್ ಬಳಸುವುದಾದರೆ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದುಕೊಳ್ಳಲೇಬೇಕು, ಏಕೆಂದರೆ ಗಾಳಿಯ ರಭಸಕ್ಕೆ ಅದು ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗಬಹುದು.