ಫೋಟೋ ಪುಸ್ತಕ: ಅಸಲೂ ಬಂತು, ಮೇಲೊಂದಿಷ್ಟು ಉಳಿಯಿತು

ಫೋಟೋ ಪುಸ್ತಕ ಮಾಡಿ ದುಡ್ಡು ನೋಡಿದವರಿಲ್ಲ ಅಂತ ಕ್ಯಾಮೆರಾ ಹಿಡಿದವರೆಲ್ಲ ಹೇಳುತ್ತಾರೆ. ಮುಕ್ಕಾಲು ಪಾಲು ನಿಜ. ಪ್ರಕಾಶಕರ ಕೈಗೆ ಫೋಟೋ ಕೊಟ್ಟು ರಾಯಲ್ಟಿಗೆ, ಅಂದರೆ ಮಾರಾಟದಲ್ಲಿ ನಮ್ಮ ಪಾಲಿಗೆ, ಕಾಯುತ್ತಾ ಕೂತರೆ ಬರುವುದಿಲ್ಲ. ನನ್ನ ಪುಸ್ತಕಕ್ಕೆ ಹಾಕಿದ ದುಡ್ಡು ವಾಪಸ್ ಬಂತು, ಮುಂದಿನ ಕೆಲಸಕ್ಕಾಗುವಷ್ಟು ಉಳಿಯಿತು ಕೂಡ. ಯಾರು ಕೊಳ್ಳುತ್ತಾರೆ ಅನ್ನೋದು ಅಚ್ಚಿಗೆ ಹೋಗುವ ಮೊದಲೇ ನನಗೆ ಗೊತ್ತಿತ್ತು, ಅದಕ್ಕೇ.

ನನ್ನ ವಿಷಯ ರಾತ್ರಿ ಪಾಳಿ. ನರ್ಸ್‌ಗಳು, ಕಾವಲುಗಾರರು, ಲಾರಿ ಡ್ರೈವರ್‌ಗಳು, ಬೆಳಗಿನ ಪತ್ರಿಕೆಯ ಕಟ್ಟು ಕಟ್ಟುವವರು, ರೈಲು ಹಳಿ ರಿಪೇರಿ ಮಾಡುವವರು. ಫೋಟೋ ತೆಗೆಯುವಾಗಲೇ ಮುಖ ಕಾಣುವ ಪ್ರತಿಯೊಬ್ಬರಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡಿದ್ದೆ. ಕಾನೂನು ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ಆದರೆ ಕಾಗದ ಕೈಯಲ್ಲಿದ್ದರೆ ಪ್ರಕಾಶಕರಿಗೂ ಧೈರ್ಯ, ನಮಗೂ ನಿದ್ದೆ. ಆಮೇಲೆ ಹುಡುಕಿಕೊಂಡು ಹೋಗಿ ಸಹಿ ಕೇಳುವುದು ಆಗದ ಕೆಲಸ.

ಮೊದಲು ಪ್ರಕಾಶಕರ ಲೆಕ್ಕ ನೋಡಿ. ಪುಸ್ತಕದ ಮುಖಬೆಲೆ 100 ಅಂತ ಇಟ್ಟುಕೊಳ್ಳೋಣ. ವಿತರಕರು, ಅಂಗಡಿಯವರು ಸೇರಿ ಅದರಲ್ಲಿ 55ರಿಂದ 60 ತೆಗೆದುಕೊಳ್ಳುತ್ತಾರೆ. ಪ್ರಕಾಶಕರಿಗೆ ಸಿಗುವುದು 40, 45. ಒಪ್ಪಂದದಲ್ಲಿ ರಾಯಲ್ಟಿ 10% ಅಂತ ಬರೆದಿದ್ದರೆ, ಯಾವುದರ ಮೇಲೆ 10% ಅಂತ ಕೇಳಲೇಬೇಕು. ಮುಖಬೆಲೆಯ ಮೇಲಾದರೆ ಪ್ರತಿಗೆ 10. ಪ್ರಕಾಶಕರಿಗೆ ಸಿಕ್ಕಿದ್ದರ ಮೇಲಾದರೆ ನಾಲ್ಕೋ ನಾಲ್ಕೂವರೆಯೋ. ಹಾಗಾದರೆ ಸಾವಿರ ಪ್ರತಿ ಪೂರ್ತಿ ಮಾರಾಟವಾದರೂ ನಿಮಗೆ ಬರುವುದು ಹೆಚ್ಚೆಂದರೆ 45 ಪುಸ್ತಕದ ಬೆಲೆಯಷ್ಟು. ಕ್ಯಾಮೆರಾ ಲೆನ್ಸ್‌ಗೂ ಸಾಲದು, ಅಲ್ವಾ?

ಇನ್ನೊಂದು ಸಂಗತಿ ಹೊರಗಿನವರಿಗೆ ಅಷ್ಟಾಗಿ ಗೊತ್ತಿಲ್ಲ. ಫೋಟೋ ಪುಸ್ತಕಗಳನ್ನೇ ಮಾಡುವ ಎಷ್ಟೋ ಪ್ರಕಾಶಕರು ಮುದ್ರಣದ ಖರ್ಚಿನಲ್ಲಿ ಒಂದು ಪಾಲನ್ನು ಫೋಟೋಗ್ರಾಫರೇ ತರಬೇಕು ಅನ್ನುತ್ತಾರೆ. ಇಲ್ಲವೇ ಇಷ್ಟು ಪ್ರತಿ ನೀವೇ ಕೊಳ್ಳಬೇಕು ಅನ್ನುತ್ತಾರೆ. ನನಗೂ ಒಬ್ಬರು ಹಾಗೇ ಹೇಳಿದರು. ಅದರಲ್ಲಿ ಮೋಸವೇನಿಲ್ಲ. ಬಣ್ಣದ ಮುದ್ರಣ ದುಬಾರಿ, ಓದುಗರು ಕಡಿಮೆ. ಒಳ್ಳೆಯ ಪ್ರಕಾಶಕರ ಹೆಸರು ಇದ್ದರೆ ವಿಮರ್ಶೆ ಬರುತ್ತದೆ, ಗ್ಯಾಲರಿಯವರು ಮಾತಾಡಿಸುತ್ತಾರೆ. ಆ ಹೆಸರಿಗೆ ಬೆಲೆ ಇದೆ. ಆದರೆ ದುಡ್ಡೂ ನಾನೇ ಹಾಕಿ, ಮಾರಾಟದ ಹಿಡಿತ ಮಾತ್ರ ಬೇರೆಯವರ ಕೈಯಲ್ಲಿ ಯಾಕಿರಬೇಕು ಅಂತ ನಾನೇ ಪ್ರಕಟಿಸುವುದು ಅಂತ ತೀರ್ಮಾನ ಮಾಡಿದೆ.

ಇದೇನು ಹೊಸದಲ್ಲ. ಅಮೆರಿಕದ ಕಲಾವಿದ ಎಡ್ ರುಶೇ 1963ರಲ್ಲಿ ಪೆಟ್ರೋಲ್ ಬಂಕ್‌ಗಳ ಫೋಟೋ ಪುಸ್ತಕವನ್ನು ತಾನೇ ಹೊರತಂದ. ಮೊದಲ ಮುದ್ರಣ 400 ಪ್ರತಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಬೇಡ ಅಂತ ವಾಪಸ್ ಕಳಿಸಿದಾಗ, ಅದನ್ನೇ ದೊಡ್ಡಕ್ಷರದಲ್ಲಿ ಹಾಕಿ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಇವತ್ತು ಆ ಪ್ರತಿಗಳಿಗೆ ಸಂಗ್ರಹಕಾರರು ಮುಗಿಬೀಳುತ್ತಾರೆ. ನಮ್ಮ ಪುಸ್ತಕಕ್ಕೆ ಆ ಯೋಗ ಬರಲಿ ಬಿಡಲಿ, 400 ಅನ್ನೋ ಸಂಖ್ಯೆ ಮಾತ್ರ ಗಮನಿಸಿ.

ಯಾಕೆಂದರೆ ಎಷ್ಟು ಪ್ರತಿ ಅನ್ನೋದರಲ್ಲೇ ಎಲ್ಲರೂ ಬೀಳುವುದು. ಆಫ್‌ಸೆಟ್‌ನಲ್ಲಿ, ಅಂದರೆ ಪ್ಲೇಟ್‌ನಿಂದ ಅಚ್ಚು ಹಾಕುವ ಮುದ್ರಣದಲ್ಲಿ, ಪ್ಲೇಟ್ ಮಾಡಿ ಯಂತ್ರ ಹದಕ್ಕೆ ತರುವ ಖರ್ಚು ಹತ್ತು ಪ್ರತಿಗೂ ಅಷ್ಟೇ, ಹತ್ತು ಸಾವಿರಕ್ಕೂ ಅಷ್ಟೇ. ಹಾಗಾಗಿ ಪ್ರತಿ ಹೆಚ್ಚಾದಂತೆ ಒಂದೊಂದರ ಖರ್ಚು ಇಳಿಯುತ್ತದೆ. ಪ್ರೆಸ್‌ನವರು "ಇನ್ನು ಐನೂರು ಹಾಕ್ಸಿ ಸಾರ್, ಸುಮ್ನೆ ಬಿಟ್ಟಿ ಸಿಕ್ಕ ಹಾಗೆ" ಅನ್ನುತ್ತಾರೆ. ಮಾರಾಟವಾಗದ ಐನೂರು ಪುಸ್ತಕ ಬಿಟ್ಟಿ ಅಲ್ಲ. ಅವಕ್ಕೆ ಜಾಗ ಬೇಕು, ತೇವ ತಾಗದ ಹಾಗೆ ನೋಡಿಕೊಳ್ಳಬೇಕು.

ನಾನು ಮಾಡಿದ್ದು ಹೀಗೆ. ಕೊಳ್ಳಬಹುದು ಅನ್ನಿಸಿದವರ ಪಟ್ಟಿ ಬರೆದೆ. "ಫೋಟೋ ಪ್ರಿಯರು" ಅಂತ ಒಟ್ಟಾರೆ ಬರೆದುಕೊಳ್ಳಲಿಲ್ಲ, ಹೆಸರು ಹಿಡಿದು ಬರೆದೆ. ಹಿಂದೆ ನನ್ನಿಂದ ಪ್ರಿಂಟ್ ಕೊಂಡವರು, ಪ್ರದರ್ಶನಕ್ಕೆ ಬಂದು ವಿಳಾಸ ಕೊಟ್ಟವರು, ಫೋಟೋ ಕಲಿಸುವ ಸಂಸ್ಥೆಗಳ ಲೈಬ್ರರಿಗಳು. ಆಮೇಲೆ ಫೋಟೋದಲ್ಲಿ ಇರುವವರ ಕಡೆಯವರು: ನರ್ಸ್‌ಗಳ ಸಂಘ, ಲಾರಿ ಡ್ರೈವರ್‌ಗಳ ಸಂಘ, ಆಸ್ಪತ್ರೆಗಳು. ಈ ಕೊನೆಯ ಗುಂಪೇ ನನ್ನ ಪುಸ್ತಕವನ್ನು ಉಳಿಸಿದ್ದು. ಒಬ್ಬ ಫೋಟೋ ಪ್ರಿಯ ಒಂದು ಪ್ರತಿ ಕೊಳ್ಳುತ್ತಾನೆ. ಒಂದು ಸಂಘ ನಿವೃತ್ತರಾದವರಿಗೆ ಉಡುಗೊರೆ ಕೊಡಲು ಒಟ್ಟಿಗೇ ಐವತ್ತು ಕೊಳ್ಳುತ್ತದೆ. ನಿಮ್ಮ ಪುಸ್ತಕ ಹಕ್ಕಿಯದ್ದೋ, ಹಳೇ ಸೇತುವೆಯದ್ದೋ, ಕುಸ್ತಿಯದ್ದೋ ಇರಬಹುದು. ಆ ವಿಷಯದ ಮೇಲೆ ಪ್ರೀತಿ ಇರುವವರು ಫೋಟೋದ ಮೇಲೆ ಪ್ರೀತಿ ಇರುವವರಿಗಿಂತ ಯಾವಾಗಲೂ ಜಾಸ್ತಿ. ಪಟ್ಟಿ ನೋಡಿ 500 ಪ್ರತಿ ಅಂತ ಗಟ್ಟಿ ಮಾಡಿಕೊಂಡೆ.

ಮುಖಬೆಲೆ 100 ಅನ್ನೋ ಅದೇ ಅಳತೆಯಲ್ಲಿ ಲೆಕ್ಕ ಹೇಳುತ್ತೇನೆ. 500 ಪ್ರತಿಗೆ ಮುದ್ರಣ ಒಂದಕ್ಕೆ 25, ಒಟ್ಟು 12,500. ವಿನ್ಯಾಸ, ಪ್ರೂಫ್, ಬರಹ ತಿದ್ದುವುದು, ಸಾಗಣೆ ಎಲ್ಲ ಸೇರಿ 5,000. ಅಸಲು 17,500. ನೇರವಾಗಿ ಮಾರಿದರೆ ಪ್ಯಾಕಿಂಗ್ ಕಳೆದು 95 ಕೈಗೆ ಬರುತ್ತದೆ. 185 ಪ್ರತಿ ಹೋದರೆ ಅಸಲು ಬಂತು. ವಿತರಕರ ಮೂಲಕ 40ರಂತೆ ಹೋದರೆ 438 ಪ್ರತಿ ಮಾರಬೇಕು. ಅಷ್ಟರಲ್ಲಿ ಪುಸ್ತಕವೇ ಮುಗಿಯುತ್ತಾ ಬಂತು! ಅದಕ್ಕೇ ನಾನು ವಿತರಕರ ಹತ್ತಿರ ಹೋಗಲಿಲ್ಲ. ಕೆಲವೇ ಅಂಗಡಿಗಳಿಗೆ, ಮಾರಿದ ಮೇಲೆ ದುಡ್ಡು ಅನ್ನೋ ಲೆಕ್ಕದಲ್ಲಿ, ಐದೈದು ಪ್ರತಿ ಕೊಟ್ಟೆ.

ನಿಜವಾದ ದುಡ್ಡು ಬಂದದ್ದು ವಿಶೇಷ ಆವೃತ್ತಿಯಿಂದ. ಅದೇ ಪುಸ್ತಕ, ಜೊತೆಗೆ ಗಟ್ಟಿ ಪೆಟ್ಟಿಗೆ, ಒಳಗೆ ಸಹಿ ಮಾಡಿ ನಂಬರ್ ಹಾಕಿದ ಒಂದು ಪ್ರಿಂಟ್. 40 ಮಾತ್ರ. ಬೆಲೆ 400. ಪೆಟ್ಟಿಗೆಗೂ ಪ್ರಿಂಟ್‌ಗೂ 80 ಖರ್ಚಾದರೂ ಒಂದೊಂದರಲ್ಲಿ 320 ಉಳಿಯುತ್ತದೆ. ನಲವತ್ತಕ್ಕೆ 12,800. ಅಂದರೆ 500 ಪುಸ್ತಕದ ಮುದ್ರಣದ ಖರ್ಚು ಇದೊಂದರಲ್ಲೇ ಹುಟ್ಟಿತು. ಆ ಪ್ರಿಂಟನ್ನು ಅದೇ ಅಳತೆಯಲ್ಲಿ ಮತ್ತೆ ಮಾರಕೂಡದು. ನಂಬರ್ ಅಂದಮೇಲೆ ನಂಬರ್.

ಎರಡನ್ನೂ ಅಚ್ಚಿಗೆ ಮೊದಲೇ ಬುಕಿಂಗ್‌ಗೆ ಬಿಟ್ಟೆ. ಕಿಕ್‌ಸ್ಟಾರ್ಟರ್ ಥರದ, ಜನರಿಂದ ಮೊದಲೇ ದುಡ್ಡು ಕೂಡಿಸುವ ಜಾಲತಾಣಗಳೂ ಇವೆ. ಕಿಕ್‌ಸ್ಟಾರ್ಟರ್‌ನಲ್ಲಿ 5% ಅವರಿಗೆ, ಹಣ ಪಾವತಿ ಶುಲ್ಕ ಬೇರೆ, ಗುರಿ ಮುಟ್ಟದಿದ್ದರೆ ಒಂದು ಕಾಸೂ ಇಲ್ಲ. ನನ್ನ ಹತ್ತಿರ ಪಟ್ಟಿ ಇದ್ದುದರಿಂದ ನೇರವಾಗಿ ಪತ್ರ ಬರೆದೆ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ. ಬೇಜಾರಿನ ಕೆಲಸ, ಆದರೆ ಎಲ್ಲರಿಗೂ ಒಂದೇ ಪತ್ರ ಕಳಿಸಿದರೆ ಯಾರೂ ಓದುವುದಿಲ್ಲ.

ಇನ್ನು ಪುಸ್ತಕ ಮಾಡುವ ವಿಷಯ. ಫೋಟೋ ಆರಿಸಲು ಪೋಸ್ಟ್‌ಕಾರ್ಡ್ ಅಳತೆಯ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿಕೊಂಡೆ. ಪರದೆಯ ಮೇಲೆ ಈ ಕೆಲಸ ಆಗುವುದಿಲ್ಲ ಅನ್ನೋದು ನನ್ನ ಹಟ. ಪುಸ್ತಕ ತೆರೆದರೆ ಯಾವಾಗಲೂ ಎರಡು ಪುಟ ಒಟ್ಟಿಗೆ ಕಾಣುತ್ತವೆ. ಜೋಡಿ ನೋಡಿ ಆರಿಸಬೇಕು. ಒಂಟಿಯಾಗಿ ಬಹಳ ಚೆನ್ನಾಗಿದ್ದ ಎಷ್ಟೋ ಫೋಟೋ ಜೋಡಿ ಸಿಗದೆ ಹೊರಗುಳಿದವು. ಆಮೇಲೆ ಬಿಳಿ ಹಾಳೆ ಮಡಚಿ, ನಿಜವಾದ ಅಳತೆಯಲ್ಲಿ ಡಮ್ಮಿ ಮಾಡಿ, ಫೋಟೋದ ಬಗ್ಗೆ ಏನೂ ಗೊತ್ತಿಲ್ಲದವರ ಕೈಗೆ ಕೊಟ್ಟು ಸುಮ್ನೆ ನೋಡುತ್ತಾ ಕೂತೆ. ಅವರು ಎಲ್ಲಿ ಬೇಗ ಬೇಗ ಮಗುಚಿದರೋ ಅಲ್ಲಿ ಫೋಟೋ ಕಡಿಮೆ ಮಾಡಿದೆ.

ಪುಟದ ಅಳತೆ 24 x 28 ಸೆಂ.ಮೀ., ಒಟ್ಟು 96 ಪುಟ. ಹದಿನಾರು ಪುಟದ ಆರು ಫಾರಂ; ಒಂದು ದೊಡ್ಡ ಹಾಳೆ ಅಚ್ಚಾಗಿ ಮಡಚಿದರೆ ಒಂದು ಫಾರಂ. 90 ಪುಟ ಅಂತ ಹಟ ಹಿಡಿದರೂ ಪ್ರೆಸ್‌ಗೆ ಆರು ಫಾರಂ ಹಾಳೆಯೇ ಬೇಕು. 170 ಜಿಎಸ್ಎಂ (ಚದರ ಮೀಟರಿಗೆ 170 ಗ್ರಾಂ) ಮ್ಯಾಟ್ ಆರ್ಟ್ ಪೇಪರ್, ಅಂದರೆ ಹೊಳಪಿಲ್ಲದ ನಯವಾದ ಕಾಗದ, ಹಾಕಿದರೆ ಒಳಪುಟಗಳೇ 550 ಗ್ರಾಂ ಹತ್ತಿರ ತೂಗುತ್ತವೆ. ರಟ್ಟು, ಪ್ಯಾಕಿಂಗ್ ಸೇರಿ ಒಂದು ಕಿಲೋ ಒಳಗೇ ಇರಬೇಕು ಅಂತ ಕಾಗದ ತೀರ್ಮಾನ ಮಾಡಿದ್ದು. ತೂಕದ ಮುಂದಿನ ಹಂತಕ್ಕೆ ಹೋದರೆ ಕಳಿಸುವ ಖರ್ಚು ಏರುತ್ತದೆ, ಕೊಳ್ಳುವವರು ಅಲ್ಲೇ ಹಿಂದೆ ಸರಿಯುತ್ತಾರೆ. ಬೈಂಡಿಂಗ್ ಹೊಲಿಗೆಯದ್ದೇ. ಬರೀ ಗೋಂದು ಹಾಕಿದ ಪುಸ್ತಕ ಪೂರ್ತಿ ತೆರೆದುಕೊಳ್ಳುವುದಿಲ್ಲ, ಎರಡು ಪುಟಕ್ಕೆ ಹರಡಿದ ಫೋಟೋದ ನಡುಭಾಗ ಬೆನ್ನೊಳಗೆ ಮುಳುಗುತ್ತದೆ. ಹೊಲಿಗೆ ಇದ್ದರೂ ಮುಖವನ್ನು ಮಾತ್ರ ನಡುವೆ ಬರಲು ಬಿಡಬೇಡಿ. ಕಾಗದದ ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಇರಬೇಕು ಅಂತ ಬಾಯಿಬಿಟ್ಟು ಹೇಳಿ. ಅಡ್ಡ ಬಂದರೆ ಪುಟಗಳು ಅಲೆ ಅಲೆಯಾಗಿ ನಿಲ್ಲುತ್ತವೆ. ಮೆಗಾಪಿಕ್ಸೆಲ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಈ ಅಳತೆಯ ಎರಡು ಪುಟ ತುಂಬಲು 300 ಡಿಪಿಐ (ಇಂಚಿಗೆ 300 ಚುಕ್ಕಿ) ಲೆಕ್ಕದಲ್ಲಿ 19 ಸಾಕು.

ರಾತ್ರಿಯ ಫೋಟೋಗಳಿಗೆ ಕಪ್ಪೇ ಪ್ರಾಣ, ಕಪ್ಪೇ ತಲೆನೋವು. ಪರದೆ ಬೆಳಕು ಸೂಸುತ್ತದೆ, ಕಾಗದ ಸೂಸುವುದಿಲ್ಲ. ಪರದೆಯ ಬೆಳಕು ಇಳಿಸಿ ನೋಡಿದರೆ ಕತ್ತಲೆಯಲ್ಲಿ ಏನು ಉಳಿಯುತ್ತದೆ ಅಂತ ಸ್ವಲ್ಪ ಅಂದಾಜು ಸಿಗುತ್ತದೆ. ಬಣ್ಣದ ಮುದ್ರಣದ ನಾಲ್ಕು ಶಾಯಿಯೂ ಒಂದೇ ಜಾಗದಲ್ಲಿ ಪೂರ್ತಿ, ಅಂದರೆ ಒಂದೊಂದೂ 100%, ಬಿದ್ದರೆ 400%. ಆರ್ಟ್ ಪೇಪರ್ ಸಾಮಾನ್ಯವಾಗಿ 300ರ ಆಸುಪಾಸಿನ ತನಕ ತಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಶಾಯಿ ಬೇಗ ಒಣಗದೆ ಮೇಲಿನ ಹಾಳೆಯ ಬೆನ್ನಿಗೆ ಅಂಟುತ್ತದೆ. ಪ್ರೆಸ್‌ನವರಿಂದ ಅವರ ಕಾಗದಕ್ಕೆ ಹೊಂದುವ ಕಲರ್ ಪ್ರೊಫೈಲ್ (ಬಣ್ಣ ಹೇಗೆ ಮೂಡುತ್ತದೆ ಅಂತ ಹೇಳುವ ಫೈಲ್) ಇಸಿದುಕೊಂಡು, ಅತಿ ಕಷ್ಟದ ಎಂಟು ಫೋಟೋಗಳನ್ನು ಅದೇ ಕಾಗದದ ಮೇಲೆ ಮೊದಲು ಪರೀಕ್ಷೆಗೆ ಹಾಕಿಸಿದೆ.

ಮುದ್ರಣದ ದಿನ ಪ್ರೆಸ್‌ನಲ್ಲೇ ಇರಬೇಕು. ಹಾಳೆಯ ಒಂದು ಬದಿಯಲ್ಲಿ ಎಂಟು ಪುಟ ಬರುತ್ತವೆ. ಯಂತ್ರದಲ್ಲಿ ಶಾಯಿಯನ್ನು ಹಾಳೆಯ ಅಗಲಕ್ಕೆ ಪಟ್ಟಿ ಪಟ್ಟಿಯಾಗಿ ಹೆಚ್ಚು ಕಡಿಮೆ ಮಾಡುತ್ತಾರೆ. ಒಂದು ಪಟ್ಟಿಯಲ್ಲಿ ಹಿಂದೆ ಮುಂದೆ ಬರುವ ಫೋಟೋಗಳಿಗೆಲ್ಲ ಒಂದೇ ಹಣೆಬರಹ. ನರ್ಸ್ ಮುಖಕ್ಕೆ ಕೆಂಪು ಕಡಿಮೆ ಮಾಡಿ ಅಂದರೆ, ಅದರ ಹಿಂದಿನ ಲಾರಿಯ ದೀಪವೂ ಮಂಕಾಗುತ್ತದೆ. ಯಂತ್ರ ನಡೆಸುವವರು ನನಗೆ ಹೇಳಿದ್ದು ಒಂದೇ ಮಾತು: "ಯಾವುದು ಮುಖ್ಯ ಅಂತ ನೀವು ಹೇಳಿ, ಮಿಕ್ಕಿದ್ದನ್ನ ನಾನು ನೋಡ್ಕೋತೀನಿ." ಹಾಳೆಯಲ್ಲಿ ಯಾವ ಪುಟ ಎಲ್ಲಿ ಬರುತ್ತದೆ ಅನ್ನೋ ನಕ್ಷೆಯನ್ನು ಮೊದಲೇ ಇಸಿದುಕೊಂಡಿದ್ದೆ. ಮುಖ ಮತ್ತು ಕೆಂಪು ದೀಪ ಒಂದೇ ಪಟ್ಟಿಗೆ ಬೀಳುವ ಕಡೆ ಪುಟದ ಕ್ರಮವನ್ನೇ ಸ್ವಲ್ಪ ಬದಲಾಯಿಸಿದ್ದೂ ಉಂಟು.

ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ), ಮುನ್ನುಡಿ, ಬಿಡುಗಡೆ ಇವೆಲ್ಲ ಹೇಗೋ ಆಗುತ್ತವೆ. ಫೋಟೋದಲ್ಲಿ ಇರುವವರಿಗೆ ಮಾತ್ರ ಪುಸ್ತಕ ಬಂದ ವಾರವೇ ಪ್ರತಿ ತಲುಪಿಸಿ. ಕಳಿಸಿದ್ದಕ್ಕಿಂತ ಕೈಯಾರೆ ಕೊಟ್ಟಿದ್ದು ಒಳ್ಳೆಯದು. ಅವರು ತಮ್ಮವರಿಗೆ ತೋರಿಸುತ್ತಾರೆ, ಅಲ್ಲಿಂದಲೂ ಬೇಡಿಕೆ ಬರುತ್ತದೆ.

ಪುಸ್ತಕದ ಮಾರಾಟ ಮೊದಲ ಕೆಲವು ತಿಂಗಳಲ್ಲೇ ಜಾಸ್ತಿ, ಆಮೇಲೆ ಬಿಡಿ ಬಿಡಿಯಾಗಿ ಹೋಗುತ್ತದೆ. ಆದರೆ ಪುಸ್ತಕ ತೋರಿಸಿಯೇ ನನಗೆ ಆಸ್ಪತ್ರೆಯೊಂದರ ಫೋಟೋ ಕೆಲಸ ಸಿಕ್ಕಿತು, ಪತ್ರಿಕೆಗಳು ಹಣ ಕೊಟ್ಟು ಫೋಟೋ ಬಳಸಿಕೊಂಡವು. ಕೊನೆಯ ಐವತ್ತು ಪ್ರತಿ ಉಳಿದಾಗ ಬೆಲೆ 150ಕ್ಕೆ ಏರಿಸಿದೆ, ಯಾರೂ ತಕರಾರು ಮಾಡಲಿಲ್ಲ. ಇಪ್ಪತ್ತು ಪ್ರತಿ ಮಾರಾಟಕ್ಕಿಲ್ಲ, ಎತ್ತಿಟ್ಟಿದ್ದೇನೆ. ಮುದ್ರಣದ ದಿನ ಸಹಿ ಹಾಕಿ ಒಪ್ಪಿದ ಹಾಳೆಗಳನ್ನೂ ಕೊನೆಯ ಪಿಡಿಎಫ್ ಜೊತೆಗೆ ಜೋಪಾನ ಮಾಡಿದ್ದೇನೆ. ಮರುಮುದ್ರಣ ಆಗುವುದಾದರೆ ಬಣ್ಣ ತಾಳೆ ನೋಡಲು ಪ್ರೆಸ್‌ನವರು ಮೊದಲು ಕೇಳುವುದು ಆ ಹಾಳೆಗಳನ್ನೇ.