ಅತ್ತಿಗೆಯ ಚಕ್ಕುಲಿ, ನನ್ನ ಕರ್ಜಿಕಾಯಿ: ಅವಕಾಶ ವೆಚ್ಚ ಲೆಕ್ಕ ಹಾಕುವುದು ಹೇಗೆ?

ಗೌರಿ ಹಬ್ಬದ ಹಿಂದಿನ ದಿನ ಅತ್ತಿಗೆಯದು ಒಂದೇ ಮಾತು: "ನೀನು ಸುಮ್ನೆ ಕೂತ್ಕೋ, ನಾನೇ ಮಾಡಿ ಮುಗಿಸ್ತೀನಿ." ಅವರ ಕೈ ಅಷ್ಟು ಚುರುಕು. ಗಂಟೆಗೆ 60 ಚಕ್ಕುಲಿ ಒತ್ತಿ ಕರಿಯುತ್ತಾರೆ, ಇಲ್ಲವೇ 30 ಕರ್ಜಿಕಾಯಿ ಮಾಡುತ್ತಾರೆ. ನನ್ನ ಕೈಲಿ ಯಾವುದಾದರೂ 20 ಅಷ್ಟೇ. (ಲೆಕ್ಕ ಸುಲಭವಾಗಲೆಂದು ಅಂಕಿಗಳನ್ನು ದುಂಡಗೆ ಮಾಡಿದ್ದೇನೆ.) ಹಾಗಾದರೆ ನಾನು ಕೂತಿರುವುದೇ ವಾಸಿಯೇ?

ಮೊದಲು ವೇಗ ಹೋಲಿಸುವುದನ್ನು ಬಿಡಿ. ಒಂದನ್ನು ಮಾಡುವ ಹೊತ್ತಿನಲ್ಲಿ ಮಾಡಬಹುದಾಗಿದ್ದ ಇನ್ನೊಂದು ಎಷ್ಟು ತಪ್ಪಿತು ಎಂದು ಕೇಳಿ. ಅದೇ ಅವಕಾಶ ವೆಚ್ಚ. ಒಂದು ಕರ್ಜಿಕಾಯಿಗೆ ಅತ್ತಿಗೆ ಕಳೆದುಕೊಳ್ಳುವುದು 60 ಭಾಗಿಸು 30, ಅಂದರೆ 2 ಚಕ್ಕುಲಿ. ನಾನು ಕಳೆದುಕೊಳ್ಳುವುದು 1. ಚಕ್ಕುಲಿಯ ಕಡೆಯಿಂದ ನೋಡಿದರೆ ಅವರಿಗೆ ಅರ್ಧ ಕರ್ಜಿಕಾಯಿ, ನನಗೆ ಪೂರ್ತಿ ಒಂದು.

ಯಾರಿಗೆ ಈ ವೆಚ್ಚ ಕಡಿಮೆ ಬೀಳುತ್ತದೋ ಆ ಕೆಲಸ ಅವರದು; ಇದಕ್ಕೇ ತುಲನಾತ್ಮಕ ಅನುಕೂಲ ಎನ್ನುವುದು. ಕರ್ಜಿಕಾಯಿಯಲ್ಲಿ ತುಲನಾತ್ಮಕ ಅನುಕೂಲ ನನ್ನದೇ, ಅತ್ತಿಗೆಗಿಂತ ನಿಧಾನವಾದರೂ!

ಇನ್ನು ತಾಳೆ ನೋಡುವುದು. ತಲಾ ನಾಲ್ಕು ಗಂಟೆಯನ್ನು ಇಬ್ಬರೂ ಅರ್ಧರ್ಧ ಹಂಚಿಕೊಂಡರೆ ಒಟ್ಟು 160 ಚಕ್ಕುಲಿ, 100 ಕರ್ಜಿಕಾಯಿ. ಬದಲಿಗೆ ನಾನು ಕರ್ಜಿಕಾಯಿಯನ್ನೇ ಹಿಡಿದು 80 ಮಾಡುತ್ತೇನೆ. ಉಳಿದ 20ನ್ನು ಅತ್ತಿಗೆ 40 ನಿಮಿಷದಲ್ಲಿ ಮುಗಿಸಿ, ಮಿಕ್ಕ 3 ಗಂಟೆ 20 ನಿಮಿಷ ಚಕ್ಕುಲಿ ಒತ್ತುತ್ತಾರೆ: 200. ಅದೇ ಹೊತ್ತು, ಅಷ್ಟೇ ಕರ್ಜಿಕಾಯಿ, 40 ಚಕ್ಕುಲಿ ಹೆಚ್ಚು.

1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಇದನ್ನೇ ದೇಶಗಳಿಗೆ ಹಚ್ಚಿ ತೋರಿಸಿದ. ಅವನ ಉದಾಹರಣೆಯಲ್ಲಿ ಇಷ್ಟು ಬಟ್ಟೆಗೆ ಪೋರ್ಚುಗಲ್‌ನಲ್ಲಿ 90 ಜನರ ವರ್ಷದ ದುಡಿಮೆ ಬೇಕು, ಇಷ್ಟು ವೈನ್‌ಗೆ 80 ಜನರದು. ಇಂಗ್ಲೆಂಡಿನಲ್ಲಿ 100 ಮತ್ತು 120. ಪರೀಕ್ಷೆಯಲ್ಲಿ ಮಕ್ಕಳು ಎಡವುವುದು ಇಲ್ಲೇ. ಕೊಟ್ಟಿರುವುದು ತಯಾರಾದ ಸರಕಿನ ಲೆಕ್ಕವಲ್ಲ, ಬೇಕಾದ ದುಡಿಮೆಯದು. ಹಾಗಾಗಿ ಭಾಗಾಕಾರ ತಲೆಕೆಳಗಾಗುತ್ತದೆ. ವೈನ್‌ನ ವೆಚ್ಚ ಪೋರ್ಚುಗಲ್‌ಗೆ 80/90, ಸುಮಾರು 0.89 ಪಾಲು ಬಟ್ಟೆ. ಇಂಗ್ಲೆಂಡಿಗೆ 120/100, ಅಂದರೆ 1.2. ಎರಡನ್ನೂ ಅಗ್ಗವಾಗಿ ಮಾಡಬಲ್ಲ ಪೋರ್ಚುಗಲ್ ವೈನನ್ನಷ್ಟೇ ಮಾಡಿ, ಒಂದಕ್ಕೊಂದರಂತೆ ಬಟ್ಟೆ ತರಿಸಿಕೊಂಡರೆ ಅದಕ್ಕೆ 10 ಜನರ ದುಡಿಮೆ ಉಳಿಯುತ್ತದೆ, ಇಂಗ್ಲೆಂಡಿಗೆ 20.

ಲಾಭವೇ ಬಾರದ ಸಂದರ್ಭವೂ ಉಂಟು. ನಾನು ಗಂಟೆಗೆ 40 ಚಕ್ಕುಲಿ ಅಥವಾ 20 ಕರ್ಜಿಕಾಯಿ ಮಾಡುವವಳಾಗಿದ್ದರೆ ಇಬ್ಬರ ವೆಚ್ಚವೂ ಒಂದೇ ಆಗಿ, ಹೇಗೆ ಹಂಚಿಕೊಂಡರೂ ಅಷ್ಟೇ ಆಗುತ್ತಿತ್ತು.

ಇಷ್ಟೆಲ್ಲ ಕೇಳಿ ಅತ್ತಿಗೆ ಕಣಕದ ಪಾತ್ರೆಯನ್ನು ನನ್ನ ಕಡೆ ಸರಿಸಿದರು. "ಅಂಚು ಗಟ್ಟಿಯಾಗಿ ಒತ್ತು. ಬಾಯಿ ಬಿಟ್ಟು ಹೂರಣ ಎಣ್ಣೆಗೆ ಬಿದ್ರೆ, ಬಾಣಲೆ ತಿಕ್ಕೋ ಹೊತ್ತನ್ನೂ ನಿನ್ನ ಲೆಕ್ಕಕ್ಕೇ ಸೇರಿಸ್ಕೋ."